ಸುಗ್ಗಿ ಸಾರಿದ ಊರಿನಲ್ಲಿ ಒಂದು ಬೂಟು

ನನ್ನ ತರಬೇತಿಯ ನೋಟ್‌ಬುಕ್ಕು ಇನ್ನೂ ನನ್ನ ಹತ್ತಿರವೇ ಇದೆ. ಇನ್ನೂರು ಪುಟದ್ದು, ಕಂದು ಕಾಗದದ ಬೈಂಡು ಹಾಕಿದ್ದು. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ‘ಅಂಗವಿಕಲರ ಸೇವಾ ಕಾರ್ಯಕರ್ತರ ತರಬೇತಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಒಳಗೆ ಕಾಲಿನ ಸ್ನಾಯುಗಳ ಚಿತ್ರಗಳಿವೆ, ಕಣ್ಣು ಕಾಣದವರಿಗೆ ತೋಳು ಕೊಟ್ಟು ಹೇಗೆ ನಡೆಸಬೇಕು ಎಂಬುದಿದೆ, ಮಾತು ಬಾರದ ಮಗುವಿನ ಜೊತೆ ಹೇಗೆ ಆಡಬೇಕು ಎಂಬುದಿದೆ. ಸುಗ್ಗಿ ಬಂದಾಗ ಏನು ಮಾಡಬೇಕು ಎಂಬುದು ಮಾತ್ರ ಎಲ್ಲೂ ಇಲ್ಲ. ಅದೊಂದನ್ನು ಯಾಕೆ ಹೇಳಿಕೊಡಲಿಲ್ಲ ಎಂದು ನಾನು ಮೊದಲು ಸಿಟ್ಟಿಟ್ಟುಕೊಂಡಿದ್ದೆ. ಆಮೇಲೆ ಒಂದು ದಿನ ಪಾಠ ಮಾಡಿದವರೇ ಪುಟ ತಿರುವಿ ಮುಂದಿಟ್ಟಾಗ ನಾನೇ ಬರೆದುಕೊಂಡು ನಾನೇ ಮರೆತ ಇನ್ನೊಂದು ಪುಟ ಕಣ್ಣಿಗೆ ಬಿತ್ತು. ಸಿಟ್ಟು ಹೋಗಲಿಲ್ಲ, ಅದರ ವಿಳಾಸ ಬದಲಾಯಿತು ಅಷ್ಟೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಪಿಯುಸಿ ಮುಗಿಸಿ, ಟಿಸಿಎಚ್ ಶಿಕ್ಷಕಿ ಕೋರ್ಸಿಗೆ ಸೀಟು ಸಿಗದೆ, ಬೆಳಗೋಡಿನ ಹತ್ತಿರದ ನಮ್ಮೂರಿನಲ್ಲಿ ಗದ್ದೆ ಬದುವಿನ ಮೇಲೆ ಕೂತು ಗಂಡು ಹುಡುಕುವವರ ಬಾಯಿಗೆ ಆಹಾರವಾಗಿದ್ದೆ. ಪಂಚಾಯಿತಿ ಬೋರ್ಡಿನಲ್ಲಿ ಒಂದು ಚೀಟಿ ಅಂಟಿಸಿದ್ದರು: ಸಕಲೇಶಪುರದಲ್ಲಿ ಒಂಬತ್ತು ತಿಂಗಳ ತರಬೇತಿ, ಊಟ ವಸತಿ ಉಚಿತ, ಮುಗಿದ ಮೇಲೆ ಕೆಲಸ. ಮನೆಯಲ್ಲಿ ಹೇಳಿದಾಗ ಅವ್ವ ರಾಗಿ ಬೀಸುವುದನ್ನು ನಿಲ್ಲಿಸಿ, “ಕುಂಟ್ರು ಕಾಲು ಒತ್ತಕ್ಕೆ ನಿನ್ನ ಹನ್ನೆರಡು ವರ್ಷ ಓದಿಸಿದ್ದಾ?” ಎಂದು ಕೇಳಿದಳು. ಗದ್ದೆ ಬದುವಿಗಿಂತ ಯಾರ ಕಾಲಾದರೂ ವಾಸಿ ಎನ್ನಿಸಿ ನಾನು ಹೊರಟೆ.

ನಮ್ಮ ಕೇಂದ್ರ ಇದ್ದದ್ದು ಒಂದು ಹಳೆಯ ಕಾಫಿ ಸ್ಟೋರಿನಲ್ಲಿ. ಬಿಸಿಲು ಏರಿದಂತೆ ನೆಲದಿಂದ ಕಾಫಿ ಸಿಪ್ಪೆಯ ವಾಸನೆ ಏಳುತ್ತಿತ್ತು. ಹನ್ನೆರಡು ಜನ ಇದ್ದೆವು. ಹಾಸನದಿಂದ ವಾರಕ್ಕೆರಡು ದಿನ ವ್ಯಾಯಾಮ ಚಿಕಿತ್ಸೆಯ ಸರ್ ಬರುತ್ತಿದ್ದರು, ಉಳಿದ ದಿನ ಕೇಂದ್ರದ ಮೇಡಂ ಪಾಠ ಮಾಡುತ್ತಿದ್ದರು. ಒಂದು ದಿನ ಕಣ್ಣಿಗೆ ಬಟ್ಟೆ ಕಟ್ಟಿ ಬಸ್‌ಸ್ಟ್ಯಾಂಡಿನವರೆಗೆ ನಡೆಸಿದರು. ಇನ್ನೊಂದು ದಿನ ಒಂದು ಕಾಲನ್ನು ತೊಡೆಗೆ ಕಟ್ಟಿಸಿ ಬೆಳಗಿಂದ ಸಂಜೆಯವರೆಗೆ ಬಿಟ್ಟರು. ಸಂಜೆ ಕಟ್ಟು ಬಿಚ್ಚಿದಾಗ ನನಗೆ ಎಲ್ಲಾ ಅರ್ಥವಾಗಿಹೋಯಿತು ಎಂಬ ಜಂಬ ಬಂದಿತ್ತು. ಕಟ್ಟು ಬಿಚ್ಚುವುದು ಇದೆ ಎಂದು ಮೊದಲೇ ಗೊತ್ತಿದ್ದವಳಿಗೆ ಏನು ಅರ್ಥವಾಗಿರಬೇಕು ಎಂದು ಆಗ ಯಾರೂ ಕೇಳಲಿಲ್ಲ.

ಕೊನೆಯ ನಾಲ್ಕು ತಿಂಗಳು ನಮಗೆ ಒಬ್ಬೊಬ್ಬರಿಗೆ ಒಬ್ಬೊಬ್ಬರನ್ನು ವಹಿಸಿದರು. ಅವರ ಮನೆಗೆ ವಾರಕ್ಕೆ ಮೂರು ಸಲ ಹೋಗಬೇಕು, ಕಲಿತದ್ದನ್ನು ಅಲ್ಲಿ ಮಾಡಬೇಕು, ದಿನದಿನದ್ದನ್ನೂ ಬರೆದಿಡಬೇಕು. ಪರೀಕ್ಷೆಯ ದಿನ ಅವರನ್ನೂ ಕೇಂದ್ರಕ್ಕೆ ಕರೆತರಬೇಕು. ಅಂದೇ ಇನ್ನೊಂದು ಆಯ್ಕೆಯೂ ಇತ್ತು. ಕೇಂದ್ರದಲ್ಲೇ ಹೊಲಿಗೆ ತರಗತಿ, ಅದಕ್ಕೊಂದು ಹಾಸ್ಟೆಲ್ಲು. ಹಾಸ್ಟೆಲ್ಲಿಗೆ ಮೂರು ಮೆಟ್ಟಿಲು. ಆ ಮೂರು ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ, ಜಗುಲಿ ದಾಟಿ, ಬಾಗಿಲು ಮುಟ್ಟಿದವರಿಗೆ ಸೀಟು.

ನನ್ನ ಪಾಲಿಗೆ ಬಂದದ್ದು ವನಗೂರಿನಿಂದಾಚೆ ಒಂದು ಹಳ್ಳಿ. ಬಸ್ಸಿಳಿದು ಜೀಪಿನ ದಾರಿಯಲ್ಲಿ ಮುಕ್ಕಾಲು ಗಂಟೆ ಹತ್ತಬೇಕು. ನನ್ನ ಕಾಲು ಗಟ್ಟಿ ಇದೆ ಎಂದು ಮೇಡಂ ಅಷ್ಟು ದೂರ ಕೊಟ್ಟರಂತೆ. ಮನೆಯ ಯಜಮಾನರಿಗೆ ಎರಡೆಕರೆ ಕಾಫಿ, ಒಂದಿಷ್ಟು ಏಲಕ್ಕಿ, ಒಬ್ಬಳೇ ಮಗಳು. ಮೊದಲ ದಿನ ಅಂಗಳದಲ್ಲಿ ನನ್ನನ್ನೂ ನನ್ನ ಚೀಲವನ್ನೂ ನೋಡಿ ಅವರು ಪೋಲಿಯೋ ಹನಿ ಹಾಕುವವಳೇ ಎಂದು ಕೇಳಿದರು. ನಾನು ಅಲ್ಲವೆನ್ನುವ ಮೊದಲೇ, “ತಡ ಆಗ್ಬುಡ್ತು ಕಣಮ್ಮ, ಹದಿನೈದು ವರ್ಷ ತಡ ಆಗ್ಬುಡ್ತು” ಎಂದರು. ಸಿಟ್ಟಿನಿಂದಲ್ಲ, ಬಸ್ಸು ಹೋಯಿತು ಎನ್ನುವ ಹಾಗೆ.

ಮಗಳಿಗೆ ಹದಿನೇಳು. ಎರಡು ವರ್ಷದವಳಿದ್ದಾಗ ಜ್ವರ ಬಂದು ಎಡಗಾಲು ಬತ್ತಿತ್ತು. ಕೈಯೂರಿ, ಕೂತಲ್ಲೇ ಸರಿಯುತ್ತ ಮನೆಯಲ್ಲೆಲ್ಲ ಓಡಾಡುತ್ತಿದ್ದಳು. ಅಪ್ಪ ಬೆನ್ನ ಮೇಲೆ ಹೊತ್ತು ಮೂರನೇ ಕ್ಲಾಸಿನವರೆಗೆ ಶಾಲೆಗೆ ಕಳಿಸಿದ್ದರು. ಆಮೇಲೆ ಅವಳೂ ಬೆಳೆದಳು, ಅಪ್ಪನ ಬೆನ್ನೂ ಸೋತಿತು. ಊರಿನ ಅರ್ಧ ಹೆಂಗಸರ ರವಿಕೆಗೆ ಗುಂಡಿ, ಕಾಜ, ಅಂಚು ಎಲ್ಲ ಅವಳ ಕೈಯದೇ. ಬಾಯಿಯೂ ಸೂಜಿಯಂತೆಯೇ ಇತ್ತು. ಎರಡನೇ ವಾರಕ್ಕೇ, “ಅಕ್ಕ, ನನ್ ಕಾಲಿಗಿಂತ ನಿಮ್ ನೋಟ್‌ಬುಕ್ಕೇ ಚೆನ್ನಾಗಿ ಬಲೀತಾ ಐತೆ” ಎಂದಿದ್ದಳು.

ಹೊಲಿಗೆ ತರಗತಿಯ ಸುದ್ದಿ ಹೇಳಿದಾಗ ಮಾತ್ರ ಅವಳು ತಮಾಷೆ ಮಾಡಲಿಲ್ಲ. ಮಿಷನ್ನು ತುಳಿಯಲು ಎಷ್ಟು ಕಾಲು ಬೇಕು ಎಂದು ಕೇಳಿದಳು. ಒಂದಿದ್ದರೂ ನಡೆಯುತ್ತದೆ ಎಂದೆ. ತನ್ನ ಬಲಗಾಲನ್ನು ಒಮ್ಮೆ ನೋಡಿಕೊಂಡು, ಹಾಗಾದರೆ ಏನು ಬೇಕಾದರೂ ಮಾಡಿಸಿ, ಮಾಡುತ್ತೇನೆ ಎಂದಳು. ಅಂದಿನಿಂದ ಆ ಮೂರು ಮೆಟ್ಟಿಲು ನನ್ನವೂ ಆದವು, ಅವಳವೂ ಆದವು.

ಮಾಡಿದಳು ಕೂಡ. ಮಂಡಿಯ ಹಿಂದಿನ ನರ ಬಿಗಿದುಕೊಂಡಿತ್ತು, ದಿನಾ ಎಳೆದು ಎಳೆದು ಸಡಿಲ ಮಾಡಬೇಕಿತ್ತು. ತುಟಿ ಕಚ್ಚಿಕೊಂಡು ಎಣಿಸುತ್ತಿದ್ದಳು, ನಾನು ನೂರಕ್ಕೆ ನಿಲ್ಲಿಸಿದರೆ ಅವಳು ನೂರಿಪ್ಪತ್ತಕ್ಕೆ ನಿಲ್ಲಿಸುತ್ತಿದ್ದಳು. ಅವಳಪ್ಪ ಒಣಬಿದಿರು ತಂದು ಅಂಗಳದಲ್ಲಿ ಎರಡು ಸಾಲು ಕಂಬಿ ಕಟ್ಟಿಕೊಟ್ಟರು, ಹಿಡಿದು ನಡೆಯಲಿಕ್ಕೆ. ಕೈಗೆ ಚೂರು ತಾಗಬಾರದೆಂದು ಬಿದಿರನ್ನು ಗಾಜಿನ ಚೂರಿನಲ್ಲಿ ಹೆರೆದು ನಯ ಮಾಡಿದ್ದರು. ಮಾರ್ಚಿನ ಮೊದಲ ವಾರ ಹಾಸನದಿಂದ ಅವಳ ಕ್ಯಾಲಿಪರ್ ಬಂತು. ಕಾಲಿನ ಎರಡೂ ಕಡೆ ಕಬ್ಬಿಣದ ಸರಳು, ತೊಡೆಗೂ ಮಂಡಿಗೂ ತೊಗಲಿನ ಪಟ್ಟಿ, ಸರಳಿನ ತುದಿ ಹೋಗಿ ಸೇರುವುದು ಒಂದು ಕರಿಯ ಬೂಟಿನ ಹಿಮ್ಮಡಿಗೆ. ಎಡಗಾಲು ಗಿಡ್ಡವಾಗಿದ್ದರಿಂದ ಆ ಬೂಟಿನ ಅಟ್ಟೆಯನ್ನು ಅಳತೆ ನೋಡಿ ಒಂದು ಅಂಗುಲಕ್ಕಿಂತ ಚೂರು ಜಾಸ್ತಿಯೇ ಎತ್ತರಿಸಿದ್ದರು.

ಮೊದಲ ಸಲ ಕಂಬಿ ಹಿಡಿದು ನಿಂತಾಗ ಅವಳ ಅವ್ವ ಅಡುಗೆಮನೆಯಿಂದ ಬಂದವರು ಹೊಸಲಲ್ಲೇ ನಿಂತರು. “ನನ್ಗಿಂತ ಉದ್ದ ಅವ್ಳೆ ಇವ್ಳು” ಎಂದರು. ಹದಿನೇಳು ವರ್ಷ ಆ ಮನೆಯಲ್ಲಿ ಮಗಳು ಎಷ್ಟು ಎತ್ತರ ಎಂದು ಯಾರಿಗೂ ಗೊತ್ತಿರಲಿಲ್ಲ. ಅವಳು ಅವ್ವನ ಬೈತಲೆಯನ್ನು ಮೇಲಿನಿಂದ ನೋಡಿ, ಒಂದು ಬಿಳಿಕೂದಲು ಇದೆ ಎಂದಳು. ನಾವೆಲ್ಲ ನಕ್ಕೆವು. ನನ್ನ ಒಂಬತ್ತು ತಿಂಗಳಲ್ಲಿ ಅದೊಂದೇ ದಿನ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಮೂರು ವಾರದಲ್ಲಿ ಕಂಬಿ ಬಿಟ್ಟು ಊರುಗೋಲಿಗೆ ಬಂದಳು. ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ಬರುತ್ತಿದ್ದಳು. ಮನೆಯ ಮುಂದಿನ ಒಂದು ಮೆಟ್ಟಿಲನ್ನು ಎರಡು ಸಲ ಹತ್ತಿದ್ದಳು. ಇನ್ನೆರಡು ಮೆಟ್ಟಿಲು ತಾನೇ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಊರಲ್ಲಿ ಸುಗ್ಗಿ ಸಾರಿದರು.

ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಊರದೇವರ ಸುಗ್ಗಿ ಹಬ್ಬಕ್ಕೆ ಮುಂಚೆ ಒಂದು ದಿನ ಊರಿಗೆಲ್ಲ ಸಾರಿ ಹೇಳುತ್ತಾರೆ. ಅಂದಿನಿಂದ ಸುಗ್ಗಿ ಮುಗಿಯುವ ತನಕ ಕಟ್ಟಳೆ. ಹಸಿ ಮರ ಕಡಿಯಬಾರದು, ನೆಲ ಅಗೆಯಬಾರದು, ಒಗ್ಗರಣೆ ಹಾಕಬಾರದು, ಊರೊಳಗೆ ಚಪ್ಪಲಿ ಮೆಟ್ಟಬಾರದು. ಊರಿಂದೂರಿಗೆ ದಿನವೂ ಕಟ್ಟಳೆಯೂ ಬೇರೆ ಬೇರೆ. ಆ ಊರಿನಲ್ಲಿ ಹದಿನೈದು ದಿನ. ಊರ ಗಡಿಯಲ್ಲಿ ಒಂದು ಕಲ್ಲು, ಅದರ ಬುಡದಲ್ಲಿ ಎಲ್ಲರ ಚಪ್ಪಲಿ ಗುಡ್ಡೆಯಾಗಿ ಬಿದ್ದಿರುತ್ತವೆ. ಯಾರೂ ಕದಿಯುವುದಿಲ್ಲ. ನಾನೂ ಅಂಥದೇ ಊರಿನಲ್ಲಿ ಹುಟ್ಟಿದವಳು. ಅವತ್ತು ಕಲ್ಲಿನ ಹತ್ತಿರ ಬಂದಾಗ ಏನೂ ಯೋಚಿಸದೆ ನನ್ನ ಚಪ್ಪಲಿ ಕಳಚಿದೆ. ಕಳಚಿ ಪಕ್ಕಕ್ಕಿಡುವಾಗ ನೋಡಿದರೆ, ಊರವರ ಚಪ್ಪಲಿಗಳ ನಡುವೆ, ಗೊಬ್ಬರದ ಚೀಲದಲ್ಲಿ ಅರ್ಧ ಸುತ್ತಿ, ಅವಳ ಕ್ಯಾಲಿಪರ್ ಮಲಗಿತ್ತು. ಬೂಟು ಮಾತ್ರ ಹೊರಗೆ ಕಾಣುತ್ತಿತ್ತು.

ನನ್ನ ಮೈಯೆಲ್ಲ ಉರಿದುಹೋಯಿತು. ಅದನ್ನೆತ್ತಿಕೊಂಡು ಊರೊಳಗೆ ಹೋಗುವ ಧೈರ್ಯ ಮಾತ್ರ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬರಿಗಾಲಲ್ಲೇ ಹತ್ತಿ ಮನೆಗೆ ಹೋದೆ. ಅಂಗಳದ ಬಿದಿರು ಕಂಬಿಯ ಮೇಲೆ ಸೀರೆ ಒಣಗುತ್ತಿತ್ತು. ಅವಳು ಮೊದಲಿನ ಹಾಗೆ ಕೈಯೂರಿ ಬಂದು ಜಗುಲಿಯಲ್ಲಿ ಕೂತಳು, ನನ್ನ ಮುಖ ನೋಡಲಿಲ್ಲ. ಪರೀಕ್ಷೆ ಇರುವುದು ಸುಗ್ಗಿ ಮುಗಿದ ಐದನೇ ದಿನ, ಹದಿನೈದು ದಿನ ನಡೆಯದಿದ್ದರೆ ಎಲ್ಲಾ ನೀರಲ್ಲಿ ಹೋಮ ಮಾಡಿದ ಹಾಗೆ ಎಂದು ನಾನು ಅವಳಪ್ಪನ ಮೇಲೆ ಹಾರಾಡಿದೆ. ಅವರು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, “ಇವ್ಳಿಗೆ ಜ್ವರ ಬಂದಿದ್ದು ಸುಗ್ಗೀಲೇ ಕಣಮ್ಮ” ಎಂದರು.

ಉಳಿದದ್ದನ್ನು ಅವಳವ್ವ ಹೇಳಿದರು. ಆಗ ಅವರಿಗೆ ಇಪ್ಪತ್ತು ವರ್ಷ. ಜ್ವರದ ಮಗು ಗಂಜಿ ಮುಟ್ಟುತ್ತಿಲ್ಲವೆಂದು, ಕಟ್ಟಳೆ ಇದೆಯೆಂದು ಗೊತ್ತಿದ್ದೂ, ಒಂದು ಎಸಳು ಬೆಳ್ಳುಳ್ಳಿಯ ಒಗ್ಗರಣೆ ಹಾಕಿದ್ದರು. ವಾಸನೆ ಪಕ್ಕದ ಮನೆಗೆ ಹೋಯಿತು. ವಾರದಲ್ಲಿ ಮಗುವಿನ ಕಾಲು ಬಿದ್ದುಹೋಯಿತು. ಅಂದಿನಿಂದ ಊರಿನವರು ಅದನ್ನು ಅವರೆದುರು ಎಂದೂ ಹೇಳಲಿಲ್ಲವಂತೆ, ಹಿಂದೆ ಹೇಳುವುದನ್ನು ಎಂದೂ ನಿಲ್ಲಿಸಲಿಲ್ಲವಂತೆ. ಪೋಲಿಯೋ ಎನ್ನುವುದು ಒಂದು ರೋಗಾಣು, ನೀರಿನಿಂದ ಬರುವುದು, ಬೆಳ್ಳುಳ್ಳಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ನೋಟ್‌ಬುಕ್ಕು ತೆಗೆದು ಚಿತ್ರ ತೋರಿಸಿದೆ. ಆ ಹೆಂಗಸು ಚಿತ್ರವನ್ನು ನೋಡಿ ತಲೆಯಾಡಿಸಿ ನನಗೆ ಕಾಫಿ ತರಲು ಒಳಗೆ ಹೋದರು.

ಗಡಿಯ ಕಲ್ಲಿನಾಚೆ ನಡೆಸೋಣ ಎಂದೂ ನೋಡಿದೆವು. ಅಪ್ಪ ಅವಳನ್ನು ಹೊತ್ತು ತಂದರು. ಆಚೆಯದೆಲ್ಲ ಜೀಪಿನ ಇಳಿಜಾರು, ಉರುಳುವ ಜಲ್ಲಿ. ಎರಡನೇ ಹೆಜ್ಜೆಗೇ ಊರುಗೋಲು ಜಾರಿ ಬಿದ್ದಳು. ಮೂರು ವಾರ ಕಲಿತವಳಿಗೆ ಆ ದಾರಿ ಆಗುವಂಥದಲ್ಲ.

ಮಾರನೇ ದಿನ ಕೇಂದ್ರಕ್ಕೆ ಹೋಗಿ ಮೇಡಂ ಹತ್ತಿರ ಹೇಳಿಕೊಂಡೆ. ಅವರು ಸಮಾಧಾನವಾಗಿ, ಮೂಢನಂಬಿಕೆಯ ವಿಷಯದಲ್ಲಿ ಜನರ ಮನವೊಲಿಸಬೇಕು, ಅದೂ ನಿಮ್ಮ ತರಬೇತಿಯ ಭಾಗವೇ ಎಂದರು. ಹೇಗೆ ಒಲಿಸಬೇಕು ಎಂದು ಕೇಳಿದೆ. ಪ್ರೀತಿಯಿಂದ ಎಂದರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಸುಮ್ಮನೆ ಹೇಳುತ್ತಾರೆಯೇ? ಆ ಮೇಡಂ ಮನೆಯಲ್ಲಿ ಗ್ರಹಣ ಹಿಡಿದರೆ ಒಲೆ ಹಚ್ಚುತ್ತಿರಲಿಲ್ಲ ಎನ್ನುವುದು ನಮಗೆಲ್ಲ ಗೊತ್ತಿತ್ತು. ವ್ಯಾಯಾಮದ ಸರ್ ಎರಡು ವಾರ ರಜೆಯ ಮೇಲಿದ್ದರು. ಅವರು ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ.

ನೇರ ಊರ ಗೌಡರ ಮನೆಗೇ ಹೋದೆ. ಎಪ್ಪತ್ತು ದಾಟಿದವರು, ಕಿವಿಯಲ್ಲಿ ಒಂಟಿ, ಕಾಲು ನೀಡಿ ಕೂತು ಕಾಳುಮೆಣಸು ಆರಿಸುತ್ತಿದ್ದರು. ನನ್ನ ಭಾಷಣವನ್ನೆಲ್ಲ ಕೇಳಿ, ನನಗೆ ಯಾವ ಊರು, ಯಾರ ಮಗಳು ಎಂದು ವಿಚಾರಿಸಿ, ನಮ್ಮೂರಿನ ಸುಗ್ಗಿ ಯಾವಾಗ ಎಂದೂ ಕೇಳಿ ತಿಳಿದುಕೊಂಡು, ಕೊನೆಗೆ ಹೇಳಿದರು. “ಹದಿನೇಳು ವರ್ಷ ಕೂತವ್ಳೆ, ಇನ್ ಹದಿನೈದ್ ದಿನ ಕಾಯಮ್ಮ. ಮೆಟ್ಟು ಮೆಟ್ಟೇ.”

ಕಾಯಮ್ಮ! ಕೂತವಳು ಅವಳು, ಕಾಯಲು ಹೇಳುವವರು ಇವರು. ನನಗೆ ಅಳು ಬಂತು, ಸಿಟ್ಟಿಗೆ ಬರುವ ಅಳು. ಹೊರಡಲು ಎದ್ದವಳು ಸುಮ್ಮನೆ ಹೋಗಲಾರದೆ, ನಿಮ್ಮ ದೇವರಿಗೆ ಆಗದೇ ಇರುವುದು ಕಾಲಿಗೆ ಹಾಕುವ ವಸ್ತುವೋ ಅಥವಾ ತೊಗಲೋ ಎಂದು ಕೇಳಿದೆ. ಗೌಡರು ಮೆಣಸು ಆರಿಸುವ ಕೈ ನಿಲ್ಲಿಸಿ ನಿಜವಾಗಿಯೂ ಯೋಚಿಸಿದರು. ತೊಗಲು ಎಂದರು. ಹಾಗಾದರೆ ಮರದ್ದಾದರೆ ಆಗಬಹುದೇ ಎಂದೆ. ಅವರ ತಾತ ಮರದ ಹಾವುಗೆ ಮೆಟ್ಟುತ್ತಿದ್ದುದು ಅವರಿಗೆ ನೆನಪಾಯಿತು. ಆಗಬಹುದು ಎಂದರು. ತೊಡೆಯ ಪಟ್ಟಿಯೂ ತೊಗಲಿನದೇ ಎಂದು ನಾನೇ ಬಾಯಿಬಿಟ್ಟಾಗ, ನಡುವಿಗೆ ಬೆಲ್ಟು ನಮಗೂ ಇದೆ, ನೆಲ ಮುಟ್ಟುವುದಷ್ಟೇ ಲೆಕ್ಕ ಎಂದು ತೀರ್ಪು ಕೊಟ್ಟರು.

ಗೆದ್ದೆ ಎಂದುಕೊಂಡೆ. ಕಲ್ಲಿನ ಬುಡದಿಂದ ಕ್ಯಾಲಿಪರ್ ಎತ್ತಿಕೊಂಡು ವನಗೂರಿಗೆ ಇಳಿದೆ. ಅಲ್ಲಿನ ಬಡಗಿಯೊಬ್ಬರ ಹತ್ತಿರ ಹಲಸಿನ ಒಣ ಹಲಗೆ ಇತ್ತು. ಬೂಟನ್ನು ಬಿಚ್ಚಿಸಿ, ಅವಳ ಪಾದದ ಅಳತೆಗೆ ಹಲಗೆ ಕೊರೆಸಿ, ಸರಳಿನ ತುದಿಯನ್ನು ಅದಕ್ಕೆ ಬೋಲ್ಟಿನಲ್ಲಿ ಕೂರಿಸಿ, ಪಾದಕ್ಕೆ ಹತ್ತಿಬಟ್ಟೆಯ ಪಟ್ಟಿ ಹೊಡೆಸಿದೆ. ಮಧ್ಯಾಹ್ನದೊಳಗೆ ಮುಗಿಯಿತು. ಬಡಗಿ ಅದನ್ನು ತಿರುಗಿಸಿ ನೋಡಿ, ಇದು ಸಮ ಇದ್ದರೆ ಸಾಕೇ ಎಂದು ಕೇಳಿದರು. ಸಾಕು ಎಂದೆ. ಬೂಟಿನ ಅಟ್ಟೆಯನ್ನು ಯಾಕೆ ಎತ್ತರಿಸಿದ್ದರು ಎಂಬುದು ನನ್ನ ನೋಟ್‌ಬುಕ್ಕಿನಲ್ಲಿತ್ತು, ನನ್ನ ತಲೆಯಲ್ಲಿರಲಿಲ್ಲ. ತಲೆಯಲ್ಲಿ ಗೌಡರ ಮುಖ ಇತ್ತು.

ಗೌಡರೇ ಬಂದು ಬೆರಳಲ್ಲಿ ಹಲಗೆ ತಟ್ಟಿ ನೋಡಿ ನಡೆಯಲಿ ಎಂದರು. ಅವಳಪ್ಪ ಮಾತ್ರ ಆಮೇಲೆಯೂ ಒಂದು ತೆಂಗಿನಕಾಯಿ ದೇವರಿಗೆ ತೆಗೆದಿಟ್ಟರು. ಅವಳು ನಡೆದಳು. ಟಕ್ ಟಕ್ ಎಂಬ ಸದ್ದು ಇಡೀ ಊರಿಗೆ ಕೇಳುತ್ತಿತ್ತು. ಕಳೆದ ದಿನಗಳ ಪಾಲನ್ನೂ ಸೇರಿಸಿ ನಡೆಯಬೇಕು ಎಂದು ನಾನು ಹೊತ್ತು ಹೆಚ್ಚಿಸಿದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ನಾನಿಲ್ಲದ ದಿನವೂ ಬಿಡಬಾರದು ಎಂದೆ. ನಮಗೆ ಸರ್ ಕಲಿಸಿದ ಮೊದಲ ಪಾಠವೇ ಚರ್ಮ ನೋಡುವುದು. ಕ್ಯಾಲಿಪರ್ ಬಿಚ್ಚಿದ ಕೂಡಲೇ ಕಾಲನ್ನು ಸುತ್ತಲೂ ನೋಡಬೇಕು, ಕೆಂಪಾಗಿದ್ದರೆ ಕಾಯಬೇಕು, ಕೆಂಪು ಹೋಗದಿದ್ದರೆ ಮತ್ತೆ ಹಾಕಬಾರದು. ಮೊದಲೆರಡು ಸಲ ನೋಡಿದೆ. ಆಮೇಲೆ ನೋಡಲಿಲ್ಲ. ಹೆಜ್ಜೆ ಎಣಿಸುತ್ತಿದ್ದೆ.

ಸುಗ್ಗಿಯ ಎರಡನೇ ವಾರದ ಕೊನೆಗೆ ಅವಳ ನಡಿಗೆ ನಿಧಾನವಾಯಿತು. ಸೋಮಾರಿ ಎಂದು ರೇಗಿಸಿದೆ. ಅವಳು ಎಂದಿನಂತೆ ತಿರುಗಿ ಚುಚ್ಚಲಿಲ್ಲ. ಅದೇ ನನಗೆ ಗೊತ್ತಾಗಬೇಕಿತ್ತು. ಪಟ್ಟಿ ಬಿಚ್ಚಿದರೆ ಬಟ್ಟೆ ಪಾದಕ್ಕೆ ಅಂಟಿಕೊಂಡಿತ್ತು. ಹಿಮ್ಮಡಿಯ ಮೇಲೆ ರೂಪಾಯಿ ಅಗಲದ ಹುಣ್ಣು, ಮಂಡಿಯ ಪಕ್ಕದಲ್ಲಿ ಇನ್ನೊಂದು. ಕಾಲು ಗಿಡ್ಡ, ಹಲಗೆ ಸಮ. ಪ್ರತಿ ಹೆಜ್ಜೆಗೂ ಕಾಲು ಒಳಗೇ ಜಾರಿ ಜಾರಿ ಉಜ್ಜಿತ್ತು. ಪೋಲಿಯೋದ ಕಾಲಿಗೆ ಬಲ ಇರುವುದಿಲ್ಲ, ನೋವು ಮಾತ್ರ ಎಲ್ಲರಷ್ಟೇ ಇರುತ್ತದೆ. ಯಾವಾಗಿನಿಂದ ಎಂದು ಕೇಳಿದೆ. ಮೂರನೇ ದಿನದಿಂದ ಎಂದಳು. ಯಾಕೆ ಹೇಳಲಿಲ್ಲ ಎಂದು ಕೂಗಿದೆ.

“ಹೇಳಿದ್ರೆ ಬಿಚ್ಚಿಸ್ಬುಡ್ತಿದ್ರಲ್ಲ ಅಕ್ಕ” ಎಂದಳು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನನಗೂ ಗೌಡರಿಗೂ ನಡೆದ ಜಗಳದಲ್ಲಿ ಹುಣ್ಣಾದದ್ದು ಅವಳ ಕಾಲು. ರಜೆ ಮುಗಿಸಿ ಬಂದ ಸರ್ ಆ ಹಲಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ನನ್ನ ನೋಟ್‌ಬುಕ್ಕು ಕೇಳಿದರು. ಅವರೇ ಪುಟ ತೆಗೆದು ನನ್ನ ಮುಂದಿಟ್ಟರು. ನನ್ನದೇ ಅಕ್ಷರ: ‘ಕ್ಯಾಲಿಪರ್ ಹಾಕಲಾಗದ ದಿನಗಳಲ್ಲಿ ಮಾಡಿಸಬೇಕಾದ ವ್ಯಾಯಾಮ’. ಮಲಗಿ ಮಾಡುವುದು ನಾಲ್ಕು, ಕೂತು ಮಾಡುವುದು ಮೂರು, ಒಂದೊಂದಕ್ಕೂ ಪೆನ್ಸಿಲಿನಲ್ಲಿ ಅಂದವಾದ ಚಿತ್ರ. ಹದಿನೈದು ದಿನ ಅಷ್ಟನ್ನು ಮಾಡಿಸಿ, ಸುಗ್ಗಿ ಮುಗಿದ ಮೇಲೆ ಬೂಟು ಹಾಕಿಸಿದ್ದರೆ ನಾಲ್ಕು ದಿನ ಸಾಕಿತ್ತು, ಮೂರು ಮೆಟ್ಟಿಲು ಯಾವ ಮಹಾ ಎಂದರು ಸರ್. ಹುಣ್ಣು ಮಾಯುವವರೆಗೆ ಕ್ಯಾಲಿಪರ್ ಮುಟ್ಟಬಾರದು ಎಂದು ಬರೆದುಕೊಟ್ಟರು. ಗೌಡರು ಹೇಳಿದ್ದು ಸರಿ ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ನಾನು ಮಾಡಿದ್ದು ತಪ್ಪು ಎಂದು ಮಾತ್ರ ಒಪ್ಪುತ್ತೇನೆ.

ಸುಗ್ಗಿ ಮುಗಿಯಿತು. ಕಲ್ಲಿನ ಬುಡದ ಚಪ್ಪಲಿಗಳೆಲ್ಲ ಅವರವರ ಕಾಲಿಗೆ ಹೋದವು. ಮನೆಮನೆಯಲ್ಲೂ ಒಗ್ಗರಣೆ ಘಮಘಮ ಎಂದಿತು. ಹುಣ್ಣು ಮಾತ್ರ ಮಾಯಲಿಲ್ಲ.

ಪರೀಕ್ಷೆಯ ದಿನ ಅಪ್ಪ ಅವಳನ್ನು ಬಸ್ಸಿನವರೆಗೆ ಹೊತ್ತು, ಸಕಲೇಶಪುರದ ಬಸ್‌ಸ್ಟ್ಯಾಂಡಿನಿಂದ ಕೇಂದ್ರದವರೆಗೆ ಮತ್ತೆ ಹೊತ್ತು ತಂದರು. ಹೊಸ ಲಂಗ ಹಾಕಿದ್ದಳು, ಅದರ ಅಂಚನ್ನು ಅವಳೇ ಕೈಯಲ್ಲಿ ಹೊಲಿದದ್ದು. ಮೈಸೂರಿನಿಂದ ಬಂದಿದ್ದ ಪರೀಕ್ಷಕಿ ಹಾಸ್ಟೆಲ್ಲಿನ ಜಗುಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನನ್ನ ಜೊತೆಯವರು ವಹಿಸಿಕೊಂಡಿದ್ದವರು ಒಬ್ಬೊಬ್ಬರಾಗಿ ಹತ್ತಿದರು, ಒಬ್ಬಿಬ್ಬರು ಅರ್ಧಕ್ಕೆ ನಿಂತರು. ಇವಳ ಸರದಿ ಬಂತು. ಕ್ಯಾಲಿಪರ್ ಎಲ್ಲಿ ಎಂದರು. ಗಾಯದ ಚೀಟಿ ತೋರಿಸಿದೆ. ಹಾಗಾದರೆ ಇಂದು ನಡೆಯಲು ಆಗುವುದಿಲ್ಲ ಅಲ್ಲವೇ ಎಂದು ನನ್ನನ್ನು ಕೇಳಿದರು. ಅವಳನ್ನು ಕೇಳಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವಳು ಅಪ್ಪನ ಬೆನ್ನಿನಿಂದ ಇಳಿದಳು. ಮೆಟ್ಟಿಲಿಗೆ ಬೆನ್ನು ಮಾಡಿ ಕೂತಳು. ಎರಡೂ ಕೈಯನ್ನು ಹಿಂದಿನ ಮೆಟ್ಟಿಲಿಗೆ ಊರಿ, ಬಲಗಾಲಿನಿಂದ ಒದ್ದು, ಒಂದು, ಎರಡು, ಮೂರು ಎಂದು ಹತ್ತಿಬಿಟ್ಟಳು. ಜಗುಲಿಯ ಮೇಲೆ ಸರಸರ ಸರಿದು ಹೋಗಿ ಬಾಗಿಲು ಮುಟ್ಟಿದಳು. ಯಾರ ಕೈಯನ್ನೂ ಹಿಡಿಯಲಿಲ್ಲ. ಅಂದು ಹತ್ತಿದವರಲ್ಲೆಲ್ಲ ಅವಳೇ ಬೇಗ ಹತ್ತಿದ್ದು. ಲಂಗದ ಧೂಳು ಕೊಡವಿಕೊಂಡು ಅವರ ಮುಖ ನೋಡಿದಳು.

ಪರೀಕ್ಷಕಿಯ ಮುಂದಿದ್ದ ಫಾರ್ಮು ನನಗೆ ಕಾಣುತ್ತಿತ್ತು. ‘ಸ್ವತಂತ್ರವಾಗಿ ನಡೆಯುತ್ತಾರೆ’, ಅದರ ಮುಂದೆ ಎರಡು ಚೌಕ, ಹೌದು, ಇಲ್ಲ. ಅವರು ಸ್ವಲ್ಪ ಹೊತ್ತು ಪೆನ್ನು ಆಡಿಸಿದರು. ಪಾಪ ಎಂದರು. ಆಮೇಲೆ ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿದರು.

ಹೊಲಿಗೆ ಮಿಷನ್ನು ತುಳಿಯುವುದಕ್ಕೆ ಮೆಟ್ಟಿಲನ್ನು ಹೀಗೇ ಹತ್ತಬೇಕು ಎಂದು ಏನಿದೆ, ಅವಳು ಬಾಗಿಲು ಮುಟ್ಟಿದ್ದನ್ನು ನೀವೇ ನೋಡಿದಿರಲ್ಲ ಎಂಬ ಮಾತು ನನ್ನ ಗಂಟಲಲ್ಲೇ ಇತ್ತು. ಗೌಡರ ಮುಂದೆ ಅಷ್ಟು ಹಾರಾಡಿದವಳು ನಾನು. ಆದರೆ ಅವರು ಆಗ ಇನ್ನೊಂದು ಹಾಳೆ ಎತ್ತಿಕೊಂಡಿದ್ದರು, ಅದರ ಮೇಲೆ ನನ್ನ ಹೆಸರಿತ್ತು. ದಾಖಲೆ ಚೆನ್ನಾಗಿ ಬರೆದಿದ್ದೀರಿ, ಚಿತ್ರಗಳು ಅಂದವಾಗಿವೆ, ಗಾಯವನ್ನೂ ಮುಚ್ಚಿಡದೆ ಬರೆದದ್ದು ಒಳ್ಳೆಯದು ಎಂದರು. ನಾನು ಕೈಕಟ್ಟಿ ನಿಂತು, ಹೌದು ಮೇಡಂ ಎಂದೆ. ಇಷ್ಟು ವರ್ಷದ ಮೇಲೂ ಆ ‘ಹೌದು ಮೇಡಂ’ ನೆನಪಾದರೆ ನನಗೆ ನಾಚಿಕೆಯಾಗುತ್ತದೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದಳು. ಅಪ್ಪ ವನಗೂರು ಬಸ್ಸು ಯಾವಾಗ ಎಂದು ಕೇಳಲು ಹೋಗಿದ್ದರು. ನೀವು ಪಾಸಾದಿರಾ ಎಂದು ನನ್ನನ್ನು ಕೇಳಿದಳು. ಆದೆ ಎಂದೆ. ಒಳ್ಳೆಯದಾಯಿತು ಎಂದಳು, ಅದರಲ್ಲಿ ಸೂಜಿ ಇರಲಿಲ್ಲ. ಮುಂದಿನ ವರ್ಷ ಖಂಡಿತ ಸೀಟು ಸಿಗುತ್ತದೆ ಎಂದು ನಾನು ಹೇಳಿದೆ. ಮುಂದಿನ ವರ್ಷ ಆ ತರಗತಿಯೇ ನಡೆಯಲಿಲ್ಲ, ಅದಕ್ಕೆ ಬರುತ್ತಿದ್ದ ನೆರವು ನಿಂತುಹೋಯಿತು ಎನ್ನುವುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ತರಬೇತಿ ಮುಗಿದಿತ್ತು, ಇನ್ನು ನಾನು ಆ ಊರಿಗೆ ಹೋಗಬೇಕಾಗಿರಲಿಲ್ಲ. ಎರಡು ದಿನ ಬಿಟ್ಟು ಹೋದೆ. ಕಲ್ಲಿನ ಹತ್ತಿರ ಅಭ್ಯಾಸದಿಂದ ಕಾಲು ನಿಂತಿತು, ಆಮೇಲೆ ಚಪ್ಪಲಿ ಮೆಟ್ಟಿಯೇ ಮೇಲೆ ಹತ್ತಿದೆ. ಅಪ್ಪ ಅಂಗಳದಲ್ಲಿ ಕೂತು ಕರಿಯ ಬೂಟನ್ನು ಒಣ ಬಟ್ಟೆಯಲ್ಲಿ ಒರೆಸುತ್ತಿದ್ದರು. ಅವಳು ಜಗುಲಿಯಲ್ಲಿ ಯಾರದೋ ರವಿಕೆಗೆ ಕಾಜ ಹೊಲಿಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಕಾಲು ತೋರಿಸು ಎಂದೆ.

ಅವಳು ದಾರವನ್ನು ಹಲ್ಲಿನಲ್ಲಿ ಕಡಿದು ಸೂಜಿಯನ್ನು ರವಿಕೆಗೆ ಚುಚ್ಚಿಟ್ಟಳು.

“ಪಾಸಾದ್ರಲ್ಲ ಅಕ್ಕ, ಇನ್ಯಾಕೆ ನೋಡ್ತೀರಿ?” ಎಂದಳು.

ನಾನು ಅವತ್ತು ನೋಟ್‌ಬುಕ್ಕು ತಂದಿರಲಿಲ್ಲ. ಕಾದೆ. ಅವಳೇ ಲಂಗ ಮೇಲಕ್ಕೆ ಸರಿಸಿ, ಎರಡೂ ಕೈಯಲ್ಲಿ ಎಡಗಾಲನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು. ನಾನು ಆ ಕಾಲನ್ನು ಸುತ್ತಲೂ ನೋಡಿದೆ.